ಅರುಣಾಸುರ ಎಣಿಸದ ಕಾಲುಗಳು



ಅರುಣಾಸುರ ಬ್ರಹ್ಮನಲ್ಲಿ ವರ ಬೇಡಿದ ಕಥೆ ದೇವೀಭಾಗವತದಲ್ಲಿದೆ. ಯುದ್ಧದಲ್ಲಿ ಸಾವು ಬೇಡ, ಆಯುಧದಿಂದ ಬೇಡ, ಗಂಡಿನಿಂದ ಬೇಡ, ಹೆಣ್ಣಿನಿಂದ ಬೇಡ, ಎರಡು ಕಾಲಿನದರಿಂದ ಬೇಡ, ನಾಲ್ಕು ಕಾಲಿನದರಿಂದಲೂ ಬೇಡ. ಇಷ್ಟು ಹೇಳಿ ಅವನು ಸುಮ್ಮನಾದ. ಆರು ಕಾಲು ಅವನ ಲೆಕ್ಕಕ್ಕೇ ಬರಲಿಲ್ಲ. ದೇವಿ ಭ್ರಾಮರಿಯಾಗಿ, ದುಂಬಿಗಳ ದಂಡು ಕಟ್ಟಿಕೊಂಡು ಬಂದಳು. ನಮ್ಮ ಕಟೀಲಿನ ಸ್ಥಳಪುರಾಣದಲ್ಲಿ ಆ ದುಂಬಿಗಳು ಬಂಡೆಯೊಳಗಿನಿಂದ ಎದ್ದು ಬರುತ್ತವೆ. ಅಸುರ ಸತ್ತ ಮೇಲೂ ಇಳಿಯದ ಉಗ್ರತೆಯನ್ನು ಎಳನೀರಿನ ಅಭಿಷೇಕದಿಂದ ತಣಿಸಿದರಂತೆ.

ರಾಕ್ಷಸನನ್ನು ಕೊಂದದ್ದು ಒಂದು ಪದ ಎಂದೇ ನನಗೆ ಅನ್ನಿಸುತ್ತದೆ: ಷಟ್ಪದ. ಆರು ಕಾಲಿನದು, ಅಂದರೆ ದುಂಬಿ.

ಅಮರಕೋಶದಲ್ಲಿ ಷಟ್ಪದದ ಜೊತೆಗೇ ಇನ್ನೊಂದು ಹೆಸರಿದೆ, ದ್ವಿರೇಫ. ರೇಫ ಎಂದರೆ ರಕಾರ. ಭ್ರಮರ ಎಂದು ಬರೆದು ನೋಡಿ, ಭಕಾರದ ಕೆಳಗೊಂದು, ಕೊನೆಗೊಂದು, ಎರಡು ರಕಾರ. ಹುಳುವಿಗೆ ಹೆಸರಿಟ್ಟರು, ಆ ಹೆಸರಿನ ಅಕ್ಷರ ಎಣಿಸಿದರು, ಆ ಎಣಿಕೆಯನ್ನೇ ಮತ್ತೆ ಹುಳುವಿಗೆ ಹೆಸರಾಗಿಟ್ಟರು! ಶರ್ಕರದಲ್ಲೂ ಎರಡು ರೇಫಗಳಿವೆ. ಆದರೂ ಸಕ್ಕರೆಯನ್ನು ಯಾರೂ ದ್ವಿರೇಫ ಎನ್ನಲಿಲ್ಲ. ರೂಢಿ ದುಂಬಿಯನ್ನೇ ಆರಿಸಿಕೊಂಡಿತು.

ಕನ್ನಡದ ಕವಿಗಳಿಗೂ ಈ ಆರು ಕಾಲು ಒದಗಿಬಂದವು. ಪಾದ ಎಂದರೆ ಕಾಲೂ ಹೌದು, ಪದ್ಯದ ಸಾಲೂ ಹೌದು. ಹತ್ತನೆಯ ಶತಮಾನದ ನಾಗವರ್ಮ ಛಂದೋಂಬುಧಿಯಲ್ಲಿ ಷಟ್ಪದಿಯ ಲಕ್ಷಣ ಹೇಳಿದ. ರಾಘವಾಂಕ ಅದರಲ್ಲಿ ಹರಿಶ್ಚಂದ್ರನ ಕಥೆ ಹೇಳಿದ, ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳನ್ನೇ ಅದರ ಬೆನ್ನಿಗೇರಿಸಿದ. ಶಂಕರಾಚಾರ್ಯರದೆಂದು ಹೇಳುವ ವಿಷ್ಣುಷಟ್ಪದಿಯ ಕೊನೆಯಲ್ಲಂತೂ ಶ್ಲೇಷೆ ಬಾಯಿಬಿಟ್ಟೇ ಹೇಳುತ್ತದೆ: ಈ ಷಟ್ಪದಿ ನನ್ನ ಮುಖಕಮಲದಲ್ಲಿ ಸದಾ ನೆಲೆಸಲಿ. ನೆಲೆಸಬೇಕಾದದ್ದು ಸ್ತೋತ್ರವೂ ಹೌದು, ತಾವರೆಗೆ ಬಂದ ದುಂಬಿಯೂ ಹೌದು. ಅದನ್ನು ಓದುವಾಗ ನನಗೆ ಪ್ರತಿ ಸಲವೂ ಸಣ್ಣದೊಂದು ಝೇಂಕಾರ ಕೇಳಿಸುತ್ತದೆ.

ಇನ್ನು ಕರ್ಣನ ತೊಡೆ ಕೊರೆದ ಹುಳು. ದುಂಬಿ ಎಂದೇ ನಾವು ಕೇಳಿ ಬೆಳೆದಿದ್ದೇವೆ. ಮಹಾಭಾರತದ ಶಾಂತಿಪರ್ವ ಅದನ್ನು ಅಲರ್ಕ ಎನ್ನುತ್ತದೆ. ಚೂಪು ಹಲ್ಲು, ಮೈತುಂಬ ಸೂಜಿಯಂಥ ರೋಮ, ಕಾಲು ಎಂಟು! ಎಂಟು ಕಾಲು, ರಕ್ತದ ಆಸೆ: ದನದ ಮೈಗೆ ಕಚ್ಚಿಕೊಳ್ಳುವ ಉಣ್ಣಿಯನ್ನು ಕಂಡವರಿಗೆ ಇದು ಗುರುತು ಸಿಗದೆ ಇರದು. ಹಿಂದಿನ ಜನ್ಮದಲ್ಲಿ ಅದು ಭೃಗುವಿನ ಶಾಪಕ್ಕೆ ಸಿಕ್ಕ ಅಸುರ. ಅವನ ಹೆಸರು ದಂಶ, ಎಂದರೆ ಕಡಿತ. ಶಾಪಕ್ಕೆ ಮೊದಲೇ ಹೆಸರಿನೊಳಗೆ ಹುಳು ಕೂತಿತ್ತು.

ಎಂಟಕ್ಕೂ ಒಂದು ಪದವುಂಟು, ಅಷ್ಟಾಪದ. ಸಂಸ್ಕೃತ ನಿಘಂಟು ತೆರೆದರೆ ಅದಕ್ಕೆ ಜೇಡ ಎಂಬ ಅರ್ಥವಿದೆ. ಸಿಂಹವನ್ನೂ ಮೀರಿಸುವ ಶರಭ ಎಂಬ ಪುರಾಣಮೃಗದ ಅರ್ಥವೂ ಅದರ ಪಕ್ಕದಲ್ಲೇ ಇದೆ. ನಮ್ಮ ರಾಜ್ಯದ ಲಾಂಛನದಲ್ಲಿ ಗಂಡಭೇರುಂಡದ ಎಡಬಲಕ್ಕೆ ನಿಂತಿರುವುದು ಈ ಶರಭವೇ, ಅಲ್ಲಿ ಅದಕ್ಕೆ ಸಿಂಹದ ಮೈ, ಆನೆಯ ಮುಖ. ಸರ್ಕಾರಿ ಕಾಗದದ ನೆತ್ತಿಯ ಮೇಲಿನ ಆ ಮೃಗವೂ ಅಟ್ಟದ ಮೂಲೆಯಲ್ಲಿ ಬಲೆ ನೇಯುವ ಜೇಡವೂ ನಿಘಂಟಿನಲ್ಲಿ ಒಂದೇ ಹೆಸರಿನವು.