ಹಳೆಯ ಮೂಲೆಮಟ್ಟಕ್ಕೆ ಮತ್ತೆ ಕೆಲಸ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ಉತ್ಸವಗಳಲ್ಲಿ ಕವಿಗಳೂ ವಿದ್ವಾಂಸರೂ ಮಾತನಾಡುವುದು ವಾಡಿಕೆ. ಉಳಿ ಬಾಚಿಗಳನ್ನು ಹಿಡಿದು ಬಾಳಿದ ನನ್ನಂಥವನನ್ನು ವೇದಿಕೆಗೆ ಕರೆದದ್ದು ಕಾರ್ಯಕಾರಿ ಸಮಿತಿಯವರ ಔದಾರ್ಯವೇ ಸರಿ. ಕರೆದ ಕಾರಣವನ್ನೂ ನಾನು ಬಲ್ಲೆ. ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳ ಅಟ್ಟದಿಂದ ಇಳಿದ ಮರಗೆಲಸದ ಉಪಕರಣಗಳನ್ನು ಸಂಘವು ಕೂಡಿಸಿದೆ. ಅವುಗಳನ್ನು ತೊಳೆದು, ಮೆರುಗೆಣ್ಣೆ ಬಳಿದು, ಗಾಜಿನ ಕಪಾಟಿನಲ್ಲಿ ಇರಿಸುವ ಯೋಚನೆ ನಡೆದಿದೆ. ಬಾಚಿ, ಬೈರಿಗೆಗಳನ್ನು ಇರಿಸಿರಿ, ನನ್ನ ಆಕ್ಷೇಪವಿಲ್ಲ. ಆದರೆ ಗುರುತು ಹಾಕುವ ಸಾಮಾನುಗಳನ್ನು, ಎಂದರೆ ಮೂಲೆಮಟ್ಟ, ಗೆರೆ ಎಳೆಯುವ ಗೇಜು, ಕೈವಾರ, ಅಳತೆಯ ಕೋಲು ಇವುಗಳನ್ನು ಬೀಗದೊಳಗೆ ಸೇರಿಸುವ ಮುನ್ನ ನನ್ನ ಎರಡು ಮಾತುಗಳನ್ನು ಲಾಲಿಸಬೇಕೆಂದು ಬಿನ್ನವಿಸುತ್ತೇನೆ.

ಗರಗಸವನ್ನು ಅರದಿಂದ ಹರಿತಗೊಳಿಸುತ್ತ ಹೋದಂತೆ ಅದು ಸವೆದು ಸಣ್ಣದಾಗುತ್ತದೆ. ಉಳಿಯನ್ನು ಸಾಣೆ ತಿನ್ನುತ್ತದೆ. ಮೂಲೆಮಟ್ಟವಾದರೋ ಮರವನ್ನು ಕಡಿಯುವುದಿಲ್ಲ, ಮುಟ್ಟುತ್ತದೆ ಅಷ್ಟೆ. ಜೋಪಾನ ಮಾಡಿದರೆ ಮೂರು ತಲೆಮಾರಿಗೆ ಬರುವ ವಸ್ತು ಅದು. ಅದನ್ನು ಕೆಡಿಸುವುದು ಎಷ್ಟೋ ಸಲ ಕೆಲಸವಲ್ಲ, ಶುಚಿಗೊಳಿಸುವ ಉತ್ಸಾಹ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಹದಿನೆಂಟರ ಪ್ರಾಯದಲ್ಲಿ ಅಜ್ಜನ ಮೂಲೆಮಟ್ಟವು ನನ್ನ ಕೈಸೇರಿತು. ಬೀಟೆಯ ಹಿಡಿ, ಉಕ್ಕಿನ ಅಲಗು, ಹಿಡಿಯ ಒಳಮೈಗೆ ಹಿತ್ತಾಳೆಯ ಪಟ್ಟಿ. ಕಡಲ ಗಾಳಿಗೆ ಅಲಗು ತುಕ್ಕು ಹಿಡಿದಿತ್ತು. ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಅಲಗಿನ ಅಂಚು, ಮೈಗಳನ್ನೆಲ್ಲ ಉಜ್ಜಿದೆನು. ಹಿತ್ತಾಳೆಗೆ ಹುಣಿಸೆಹುಳಿ ಹಾಕಿ ತಿಕ್ಕಿದೆನು. ಕನ್ನಡಿಯಂತೆ ಹೊಳೆಯಿತು. ಅದನ್ನೇ ಹಿಡಿದು ನೆರೆಮನೆಗೆ ಎರಡು ಜೊತೆ ಕಿಟಕಿ ಬಾಗಿಲುಗಳನ್ನು ಮಾಡಿಕೊಟ್ಟೆನು. ಕೂರಿಸುವ ದಿನ ನೋಡಿದರೆ, ಮೇಲೆ ಕೂಡಿದರೆ ಕೆಳಗೆ ಬಾಯಿ ಬಿಡುತ್ತಿದ್ದವು. ತೀರ್ಥರೂಪರು ಗದರಲಿಲ್ಲ. ಒಂದು ಹಲಗೆಯ ಮೇಲೆ ಗೆರೆ ಎಳೆದು, ಮಟ್ಟವನ್ನು ಮಗುಚಿ ಮತ್ತೊಂದು ಎಳೆದರು. ಒಂದೇ ಬಿಂದುವಿನಿಂದ ಹೊರಟ ಗೆರೆಗಳು ತುದಿಯಲ್ಲಿ ಅಗಲಿದ್ದವು. "ಅಜ್ಜ ಇಟ್ಟುಹೋದ ಮೂಲೆಯನ್ನು ಉಜ್ಜಿ ತೆಗೆದೆಯಲ್ಲ" ಎಂದರು. ಆ ಬಾಗಿಲುಗಳನ್ನು ನನ್ನ ಖರ್ಚಿನಲ್ಲಿಯೇ ಮತ್ತೆ ಮಾಡಿಕೊಡಬೇಕಾಯಿತು.

ಅವರು ಮಾಡಿದ ಆ ಪರೀಕ್ಷೆಯನ್ನು ನಮ್ಮ ಹುಡುಗರೆಲ್ಲರೂ ಅರಿತಿರತಕ್ಕದ್ದು. ಅಂಚನ್ನು ನೇರವಾಗಿ ಕೀಸಿದ ಹಲಗೆ ಬೇಕು. ಹಿಡಿಯನ್ನು ಅಂಚಿಗೆ ಒತ್ತಿ, ಅಲಗಿನ ಹೊರಂಚಿಗೆ ಸೇರಿಸಿ, ಹರಿತವಾದ ಚೂರಿಯಿಂದ ಗೀರಬೇಕು. ಪೆನ್ಸಿಲು ಸಲ್ಲದು, ಅದರ ದಪ್ಪದಲ್ಲಿ ತಪ್ಪು ಅಡಗಿಬಿಡುತ್ತದೆ. ಬಳಿಕ ಹಿಡಿಯು ಎದುರು ದಿಕ್ಕಿಗೆ ಬರುವಂತೆ ಮಗುಚಿ, ಅದೇ ಬಿಂದುವಿನಿಂದ ಗೀರಬೇಕು. ಎರಡು ಗೀರುಗಳು ಒಂದಾದರೆ ಮಟ್ಟ ನಿಜ. ಅಗಲಿದರೆ, ಕಾಣುವ ಅಂತರದ ಅರ್ಧವೇ ಮಟ್ಟದ ತಪ್ಪು. ಹೊಸತೆಂದು ಅಂಗಡಿಯಿಂದ ತಂದುದೂ ಈ ಪರೀಕ್ಷೆಯಲ್ಲಿ ಸೋತುದನ್ನು ನಾನು ಕಂಡಿದ್ದೇನೆ.

ತಿದ್ದುವ ಬಗೆ ಕಷ್ಟದ್ದಲ್ಲ, ತಾಳ್ಮೆಯದು. ಉಬ್ಬಿದ ತುದಿಗೆ ಮಸಿ ಹಚ್ಚಿ, ನಯವಾದ ಅರವನ್ನು ಅಂಚಿಗುಂಟ ನಾಲ್ಕು ಸಲ ಎಳೆದು, ಮತ್ತೆ ಮಗುಚಿ ನೋಡಬೇಕು. ಹಿಡಿಯಿಲ್ಲದೆ ಒಂದೇ ಉಕ್ಕಿನ ತಗಡಿನಲ್ಲಿ ಮಾಡಿದ ದೊಡ್ಡ ಮಟ್ಟವಾದರೆ ಅರವೇ ಬೇಡ. ಮೂಲೆ ಕಿರಿದಾಗಿದ್ದರೆ ಒಳಮೂಲೆಯ ಬಳಿ ಮೊನೆಯುಳಿಯಿಂದ ಒಂದು ಚುಕ್ಕೆ ಹೊಡೆಯಿರಿ. ಅಲ್ಲಿ ಉಕ್ಕು ಹರಡಿ ಮೂಲೆ ತೆರೆಯುವುದು. ಅಗಲವಾಗಿದ್ದರೆ ಹೊರಮೂಲೆಯ ಬಳಿ ಹೊಡೆಯಿರಿ, ಮುಚ್ಚುವುದು. ತುಕ್ಕಿಗೆ ಒಂದು ರಾತ್ರಿ ಸೀಮೆಎಣ್ಣೆಯ ಬಟ್ಟೆ ಸುತ್ತಿಟ್ಟು, ಮರುದಿನ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಅಲಗಿನ ಚಪ್ಪಟೆ ಮೈಯನ್ನು ಮಾತ್ರ ಉಜ್ಜಿದರಾಯಿತು. ಕೆಂಪು ತುಕ್ಕು ಹೋಗಬೇಕು; ಕಪ್ಪು ಕಲೆ ಇದ್ದರೆ ಇರಲಿ. ಹುಣಿಸೆಹುಳಿ ದೇವರ ದೀಪಕ್ಕೆ ಒಳ್ಳೆಯದು. ಇಲ್ಲಿ ಅದು ಪಟ್ಟಿಯ ಸಂದಿಗೆ ಇಳಿದು ಉಕ್ಕನ್ನು ಒಳಗಿಂದ ತಿನ್ನುತ್ತದೆ. ಹಿಡಿಗೆ ಅಗಸೆಯೆಣ್ಣೆಯ ತೆಳುವಾದ ಒಂದು ಕೈ ಸಾಕು. ಮೆರುಗೆಣ್ಣೆ ಮಾತ್ರ ಕೂಡದು ಸ್ವಾಮಿ. ಅದರ ಪದರ ಕಟ್ಟಿದ ಮೈ ಹಲಗೆಯ ಅಂಚಿಗೆ ಸರಿಯಾಗಿ ಕೂರದು.

ಗೇಜಿನ ಮಾತು ಇನ್ನೂ ಸ್ವಾರಸ್ಯವಾದುದು. ಮರದಂಚಿಗೆ ಆತುಕೊಳ್ಳುವ ತುಂಡು, ಅದರೊಳಗೆ ಜಾರುವ ದಂಡ, ಬಿಗಿಯುವ ಬೆಣೆ, ಗೀರುವ ಮೊಳೆ, ಇಷ್ಟೇ ಅದರ ಸಂಸಾರ. ಅಟ್ಟದಿಂದ ಬಂದ ಗೇಜುಗಳಲ್ಲಿ ಹೆಚ್ಚಿನವುಗಳ ಮೊಳೆ ಮೊಂಡು. ದುಂಡು ಮೊಳೆಯು ಮರದ ಎಳೆಗೆ ಅಡ್ಡವಾಗಿ ಗೀರಿದರೆ ಎಳೆಯನ್ನು ಕತ್ತರಿಸದೆ ಹರಿಯುತ್ತದೆ. ಅರದಿಂದ ಅದನ್ನು ಸಣ್ಣ ಚೂರಿಯ ಬಾಯಂತೆ ಮಾಡಿ, ಇಳಿಜಾರು ಮೈ ಆ ತುಂಡಿನ ಕಡೆಗಿರುವಂತೆ ನೋಡಿಕೊಳ್ಳಿರಿ. ಆಗ ಮರವೇ ಮೊಳೆಯನ್ನು ಆಚೆಗೆ ನೂಕಿ ತುಂಡನ್ನು ಅಂಚಿಗೆ ಬಿಗಿಯಾಗಿ ಸೆಳೆಯುವುದು. ಮೊಳೆ ಮುರಿದುಹೋಗಿದ್ದರೆ ಗ್ರಾಮಾಫೋನಿನ ಹಳೆಯ ಸೂಜಿ ಬಲು ಚೆನ್ನ. ದಂಡ ಜಾರುತ್ತಿಲ್ಲವೆಂದು ಆಟಿಯ ಮಳೆಯಲ್ಲಿ ಅದನ್ನು ಕೀಸಬೇಡಿರಿ. ಮಳೆಗೆ ಉಬ್ಬಿದ ಮರ ಮೀನಮಾಸದ ಬಿಸಿಲಿಗೆ ಕುಗ್ಗುತ್ತದೆ. ಆಗ ಯಾವ ಬೆಣೆಯೂ ಅದನ್ನು ಹಿಡಿಯಲಾರದು. ಕೈವಾರಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ: ಎರಡು ಕಾಲುಗಳೂ ಸಮವಾಗಿರಲಿ, ಮೊನೆಯನ್ನು ಹೊರಗಡೆಯಿಂದ ಮಾತ್ರ ಸಾಣೆ ಹಿಡಿಯಿರಿ.

ಇನ್ನು ಕೋಲು. ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಕೋಲು, ಎಂಟು ಯವಕ್ಕೆ ಒಂದು ಅಂಗುಲ. ಈಗಿನ ಲೆಕ್ಕದಲ್ಲಿ ಕೋಲು ಸುಮಾರು 72 ಸೆಂಟಿಮೀಟರು. 1956ರ ಕಾನೂನಿನ ತರುವಾಯ ಮೆಟ್ರಿಕ್ ಅಳತೆ ಬಂದಿತು, ಟೇಪುಗಳು ಬಂದವು; ಒಳ್ಳೆಯದೇ ಆಯಿತು. ಆದರೆ ಹಳೆಯ ಮನೆಯ ಒಂದು ದಾರಂದವನ್ನು ಬದಲಿಸುವಾಗ ಟೇಪಿನಲ್ಲಿ ಚೂರುಪಾರಾಗಿ ಕಾಣುವ ಅಳತೆ ಕೋಲಿನಲ್ಲಿ ಇಡಿಯಾಗಿ ಸಿಗುತ್ತದೆ. ಆಗ ಅದನ್ನು ಮಾಡಿದವನ ಮನಸ್ಸು ತಿಳಿಯುತ್ತದೆ, ಹೊಸ ತುಂಡು ಹಳೆಯದಕ್ಕೆ ಒಗ್ಗುತ್ತದೆ. ತುದಿ ಸವೆದ ಕೋಲಿಗೆ ತುಂಡು ಅಂಟಿಸಬೇಡಿರಿ. ಮೊದಲನೆಯ ಅಂಗುಲದ ಗೀಟಿನಿಂದ ಅಳತೆ ಆರಂಭಿಸಿದರೆ ತೀರಿತು. ಮಸುಕಾದ ಗೀಟುಗಳಲ್ಲಿ ಮಸಿ ತುಂಬಿರಿ, ಹೊಸದಾಗಿ ಕೊರೆಯಬೇಡಿರಿ.

ಸಮಿತಿಯವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಕೂಡಿಬಂದವುಗಳಲ್ಲಿ ಏಳು ಮೂಲೆಮಟ್ಟಗಳೂ ನಾಲ್ಕು ಗೇಜುಗಳೂ ಇವೆ. ಹುಳ ತಿಂದ ಒಂದೆರಡನ್ನು ಕಪಾಟಿಗೆ ಬಿಡಿರಿ, ಉಳಿದುವನ್ನು ನಮ್ಮೂರಿನಲ್ಲಿ ಮರಗೆಲಸ ಕಲಿಯುವ ಹುಡುಗರ ಕೈಗೆ ಕೊಡಿರಿ. "ಮೂಲೆಮಟ್ಟ ತಾ" ಎಂದು ಒಬ್ಬನು ಇನ್ನೊಬ್ಬನನ್ನು ಕೇಳುವ ಕೊಟ್ಟಿಗೆಗಳು ಈ ಊರಿನಲ್ಲಿ ಈಗ ಬೆರಳೆಣಿಕೆಯಷ್ಟು. ಸರಿಪಡಿಸುವ ಹೊಣೆ ನನ್ನದು. ಕೂಲಿ ಬೇಡ, ಸೀಮೆಎಣ್ಣೆ ಮಾತ್ರ ಸಂಘದ ಲೆಕ್ಕಕ್ಕಿರಲಿ.

ನೇರವಾಗಿ ಕೀಸಿದ ಹಲಗೆಯನ್ನೂ ಚೂರಿಯನ್ನೂ ತಂದಿದ್ದೇನೆ. ಸಭೆ ಮುಗಿದ ಬಳಿಕ ಹೊರಗಿನ ಜಗಲಿಯಲ್ಲಿರುತ್ತೇನೆ. ಮನೆಯ ಮಟ್ಟವನ್ನು ತಂದವರು ಅಲ್ಲಿಯೇ ಮಗುಚಿ ನೋಡಬಹುದು.