ವೇಳಾಪಟ್ಟಿಯ ನ್ಯಾಯ, ಅಭಿಮಾನಿಯ ನ್ಯಾಯ

(ಬಸ್ರೂರಿನಲ್ಲಿ ಕ್ರೀಡಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮೇ ತಿಂಗಳು ಬಂತೆಂದರೆ ನಮ್ಮೂರುಗಳಲ್ಲಿ ಎರಡು ಚರ್ಚೆಗಳು ಜೋರಾಗುತ್ತವೆ. ಮಳೆ ಯಾವಾಗ ಹಿಡಿಯುತ್ತದೆ ಎಂಬುದು ಒಂದು. ಐಪಿಎಲ್ ಕ್ರಿಕೆಟ್ಟಿನಲ್ಲಿ ಬೆಂಗಳೂರು ತಂಡ ಮೊದಲ ನಾಲ್ಕರೊಳಗೆ ಬರುತ್ತದೆಯೇ ಎಂಬುದು ಇನ್ನೊಂದು. ಬಸ್ ನಿಲ್ದಾಣದಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಮದುವೆಯ ಊಟದ ಪಂಕ್ತಿಯಲ್ಲಿ ಅಂಕಪಟ್ಟಿಯ ಲೆಕ್ಕಾಚಾರ ನಡೆಯುತ್ತದೆ. ಕೊನೆಗೆ ಮಾತು ಬಂದು ನಿಲ್ಲುವುದು ವೇಳಾಪಟ್ಟಿಯ ಮೇಲೆ. "ನಮಗೆ ಮಾತ್ರ ಗಟ್ಟಿ ತಂಡಗಳೊಂದಿಗೆ ಎರಡೆರಡು ಪಂದ್ಯ, ಅವರಿಗೆ ಎಲ್ಲ ಸಲೀಸು. ಎಂತ ಅನ್ಯಾಯ ಮಾರಾಯ್ರೆ!" ಎಂಬ ದೂರು ಎಲ್ಲರ ಕಿವಿಗೂ ಬಿದ್ದದ್ದೇ.

ಈ ದೂರಿನಲ್ಲಿ ಎಷ್ಟು ಹುರುಳಿದೆ ಎಂದು ಇವತ್ತು ನೋಡೋಣ. ಆಟದ ವಿಷಯವಾದರೂ ಇದು ನ್ಯಾಯದ ಪ್ರಶ್ನೆ. ನ್ಯಾಯದ ಪ್ರಶ್ನೆಯನ್ನು ಹಗುರವಾಗಿ ಬಿಡಬಾರದು.

ಬಸ್ರೂರಿಗೆ ವೇಳಾಪಟ್ಟಿ ಹೊಸದಲ್ಲ. ವಾರಾಹಿ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ಕರಾವಳಿಯ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. 14ನೆಯ ಶತಮಾನದಲ್ಲಿ ಈ ತೀರವನ್ನು ಹಾದುಹೋದ ಪ್ರವಾಸಿ ಇಬ್ನ್ ಬತೂತ ಇದನ್ನು ಹೆಸರಿಸಿದ್ದಾನೆ. ಪೋರ್ಚುಗೀಸರು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದರು. 1665ರಲ್ಲಿ ಶಿವಾಜಿಯ ನೌಕಾಪಡೆ ಇಲ್ಲಿಗೆ ದಂಡೆತ್ತಿ ಬಂತೆಂದರೆ ಇಲ್ಲಿನ ಸಂಪತ್ತು ಎಷ್ಟಿತ್ತೆಂದು ಊಹಿಸಬಹುದು. ಆ ವ್ಯಾಪಾರವೆಲ್ಲ ನಡೆಯುತ್ತಿದ್ದುದು ಗಾಳಿ ಮಳೆಗಳ ಲೆಕ್ಕದ ಮೇಲೆ. ಮುಂಗಾರಿಗೆ ಮೊದಲು ಹಡಗು ಹೊರಡಬೇಕು, ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕು. ಆ ವೇಳಾಪಟ್ಟಿಯನ್ನು ಬರೆದದ್ದು ಪ್ರಕೃತಿ. ಅದರ ಮೇಲೆ ಯಾರೂ ಫಿರ್ಯಾದು ಕೊಡುವಂತಿರಲಿಲ್ಲ. ಆಟದ ವೇಳಾಪಟ್ಟಿಯನ್ನು ಬರೆಯುವವರು ಮನುಷ್ಯರು. ಆದ್ದರಿಂದಲೇ ಅಲ್ಲಿ ದೂರು ಹುಟ್ಟುತ್ತದೆ, ಹುಟ್ಟಬೇಕು ಕೂಡ.

ವೇಳಾಪಟ್ಟಿಯ ನ್ಯಾಯವನ್ನು ಅಳೆಯಲು ಮೂರು ಪ್ರಶ್ನೆ ಕೇಳಬೇಕು. ಯಾರೊಂದಿಗೆ ಆಡುತ್ತೀರಿ? ಎಲ್ಲಿ, ಯಾವಾಗ ಆಡುತ್ತೀರಿ? ಯಾರು ಆಡಿ ಮುಗಿಸಿದ ಮೇಲೆ ಆಡುತ್ತೀರಿ?

ಮೊದಲನೆಯದು ಬರಿಯ ಗಣಿತ. ಐಪಿಎಲ್‌ನಲ್ಲಿ ಎಂಟು ತಂಡಗಳಿದ್ದಾಗ ಪ್ರತಿ ತಂಡ ಉಳಿದ ಏಳರೊಂದಿಗೆ ಎರಡೆರಡು ಬಾರಿ ಆಡಿ 14 ಪಂದ್ಯ ಮುಗಿಸುತ್ತಿತ್ತು. ಎಲ್ಲರ ದಾರಿಯೂ ಒಂದೇ. 2022ರಲ್ಲಿ ತಂಡಗಳು ಹತ್ತಾದವು. ಎಲ್ಲರೂ ಎಲ್ಲರೊಂದಿಗೆ ಎರಡು ಬಾರಿ ಆಡಬೇಕಾದರೆ ಲೀಗ್ ಹಂತದಲ್ಲೇ 90 ಪಂದ್ಯ ಬೇಕು. ಅಷ್ಟು ದಿನ ಸಿಗದ ಕಾರಣ 70ಕ್ಕೆ ನಿಲ್ಲಿಸಿದರು. ಆಗ ಒಂದು ತಂಡದ ಪಾಲಿಗೆ ಬಂದದ್ದು ಐದು ತಂಡಗಳೊಂದಿಗೆ ಎರಡೆರಡು ಪಂದ್ಯ, ನಾಲ್ಕರೊಂದಿಗೆ ಒಂದೊಂದು. ಅಂದ ಮೇಲೆ ಎಲ್ಲರ ದಾರಿ ಒಂದೇ ಅಲ್ಲ. ಕೆಲವರಿಗೆ ಏರು, ಕೆಲವರಿಗೆ ಇಳಿಜಾರು.

ಅಭಿಮಾನಿಯ ದೂರು ಇಲ್ಲಿಯವರೆಗೆ ಸರಿ. ಆದರೆ 2024ರಲ್ಲಿ ಬೆಂಗಳೂರಿನ ದಾರಿ ಹೇಗಿತ್ತೆಂದು ನೋಡಿ. ಆ ವರ್ಷ ಪ್ರಶಸ್ತಿ ಗೆದ್ದ ಕೋಲ್ಕತ್ತದೊಂದಿಗೆ ಎರಡು ಪಂದ್ಯ, ಫೈನಲಿನಲ್ಲಿ ಸೋತ ಹೈದರಾಬಾದಿನೊಂದಿಗೆ ಎರಡು. ಕಟ್ಟಕಡೆಯ ಸ್ಥಾನಕ್ಕೆ ಇಳಿದ ಮುಂಬೈಯೊಂದಿಗೆ ಒಂದೇ ಒಂದು. ಅನ್ಯಾಯವೆಂದೇ ತೋರುತ್ತದೆ. ಆದರೆ ಆ ಒಂದು ಪಂದ್ಯವನ್ನೂ ಬೆಂಗಳೂರು ಸೋತಿತ್ತು. ಇನ್ನೊಂದು ಕಡೆ, ಎಂಟನೆಯ ಸ್ಥಾನದ ಗುಜರಾತ್ ಮತ್ತು ಒಂಬತ್ತನೆಯ ಸ್ಥಾನದ ಪಂಜಾಬ್ ಎರಡೆರಡು ಬಾರಿ ಸಿಕ್ಕಿದವು. ಬೆಂಗಳೂರು ಲೀಗಿನಲ್ಲಿ ಗೆದ್ದದ್ದು ಒಟ್ಟು ಏಳು ಪಂದ್ಯ. ಅವುಗಳಲ್ಲಿ ನಾಲ್ಕು ಈ ಎರಡು ತಂಡಗಳ ವಿರುದ್ಧವೇ. ಏರನ್ನು ಲೆಕ್ಕ ಹಿಡಿದವರು ಇಳಿಜಾರನ್ನೂ ಹಿಡಿಯಬೇಕಲ್ಲವೇ?

ಎರಡನೆಯ ಪ್ರಶ್ನೆ, ಎಲ್ಲಿ ಮತ್ತು ಯಾವಾಗ. ಇಲ್ಲಿ ಮನುಷ್ಯನ ಜತೆಗೆ ಮಳೆಯೂ ಆಟಕ್ಕಿಳಿಯುತ್ತದೆ. 2024ರ ಮೇ 19ರಂದು ಗುವಾಹಟಿಯಲ್ಲಿ ರಾಜಸ್ಥಾನ ಮತ್ತು ಕೋಲ್ಕತ್ತ ಆಡಬೇಕಿದ್ದ ಕೊನೆಯ ಲೀಗ್ ಪಂದ್ಯ ಮಳೆಗೆ ಆಹುತಿಯಾಯಿತು. ಗೆದ್ದಿದ್ದರೆ ರಾಜಸ್ಥಾನಕ್ಕೆ ಎರಡನೆಯ ಸ್ಥಾನ ಖಚಿತ. ಸಿಕ್ಕಿದ ಒಂದು ಅಂಕದಿಂದ ಅದು 17ರಲ್ಲಿ ಹೈದರಾಬಾದಿಗೆ ಸಮನಾಯಿತು, ನೆಟ್ ರನ್ ರೇಟಿನಲ್ಲಿ ಹಿಂದೆ ಬಿತ್ತು. ಮೊದಲ ಎರಡು ಸ್ಥಾನದವರಿಗೆ ಸೋತರೂ ಇನ್ನೊಂದು ಅವಕಾಶವಿದೆ, ಮೂರನೆಯವರಿಗೆ ಇಲ್ಲ. ಒಂದು ಸಂಜೆಯ ಮಳೆಯ ಬೆಲೆ ಅಷ್ಟು.

ಐಪಿಎಲ್ ಬಿಡಿ, ನಮ್ಮ ರಣಜಿ ತಂಡಕ್ಕೆ ಆದದ್ದನ್ನು ನೋಡಿ. 2024-25ರ ಋತುವಿನಲ್ಲಿ ಕರ್ನಾಟಕದ ಗುಂಪಿನಲ್ಲಿ ಎಂಟು ತಂಡಗಳಿದ್ದವು. ಪ್ರತಿಯೊಬ್ಬರೂ ಉಳಿದ ಏಳು ತಂಡಗಳೊಂದಿಗೆ ಒಮ್ಮೊಮ್ಮೆ ಆಡಬೇಕು. ಮೊದಲ ಪ್ರಶ್ನೆಯ ಮಟ್ಟಿಗೆ ಇದು ಪೂರ್ಣ ನ್ಯಾಯ. ಆದರೆ ಕೇರಳದ ವಿರುದ್ಧದ ಪಂದ್ಯ ಬಿದ್ದದ್ದು ಅಕ್ಟೋಬರ್ ನಡುವಿನಲ್ಲಿ, ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ. ಅದೇ ವಾರ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಒಂದು ಚೆಂಡೂ ಬೀಳದೆ ಮಳೆಯಲ್ಲಿ ಹೋಯಿತು. ಆಲೂರಿನಲ್ಲೂ ನಾಲ್ಕು ದಿನಗಳಲ್ಲಿ ನಡೆದ ಆಟ ಅಲ್ಪ. ಎರಡೂ ತಂಡಗಳಿಗೆ ಒಂದೊಂದು ಅಂಕ. ಋತುವಿನ ಕೊನೆಗೆ ಹರಿಯಾಣ ಮತ್ತು ಕೇರಳ ಮುಂದಿನ ಹಂತಕ್ಕೆ ಹೋದವು, ಕರ್ನಾಟಕ ಮೂರನೆಯದಾಗಿ ಹೊರಗುಳಿಯಿತು. ಕೇರಳವಂತೂ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಫೈನಲ್ ತಲುಪಿತು.

ಅಕ್ಟೋಬರಿನಲ್ಲಿ ಬೆಂಗಳೂರಿಗೆ ಪಂದ್ಯ ಕೊಟ್ಟವರು ಯಾರು ಎಂದು ಕೇಳಬಹುದು. ಆದರೆ ಉತ್ತರ ಭಾರತದಲ್ಲಿ ಡಿಸೆಂಬರ್ ಜನವರಿಯ ಮಂಜು ಆಟಕ್ಕೆ ಅಡ್ಡಿ. ಆ ವರ್ಷ ಋತುವನ್ನು ಎರಡು ಹೋಳು ಮಾಡಿ, ನಡುವೆ ಸೀಮಿತ ಓವರುಗಳ ಪಂದ್ಯಗಳನ್ನು ಇಟ್ಟಿದ್ದಕ್ಕೆ ಅದೂ ಒಂದು ಕಾರಣ. ದೇಶ ದೊಡ್ಡದು, ಒಬ್ಬರ ಒಳ್ಳೆಯ ಹವೆ ಇನ್ನೊಬ್ಬರ ಕೆಟ್ಟ ಹವೆ. ಇಲ್ಲಿ ಯಾರದೂ ಸಂಚಿಲ್ಲ, ಆದರೂ ನಷ್ಟ ನಿಜ.

ಇಂಥ ನಷ್ಟ ನಮ್ಮಲ್ಲಿ ಮಾತ್ರವೆಂದು ತಿಳಿಯಬೇಡಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ತಂಡ ಈಗ ಋತುವಿಗೆ 162 ಪಂದ್ಯ ಆಡುತ್ತದೆ. ಅಷ್ಟು ಆಡಿದರೆ ಅದೃಷ್ಟವೆಲ್ಲ ಸಮನಾಗಬೇಕೆಂದು ತೋರುತ್ತದೆ. ಆದರೆ 1908ರಲ್ಲಿ, ಋತುವಿಗೆ 154 ಪಂದ್ಯಗಳಿದ್ದ ಕಾಲದಲ್ಲಿ, ಡೆಟ್ರಾಯಿಟ್ 90 ಗೆದ್ದು 63 ಸೋತಿತು. ಕ್ಲೀವ್‌ಲ್ಯಾಂಡ್ 90 ಗೆದ್ದು 64 ಸೋತಿತು. ಡೆಟ್ರಾಯಿಟಿನ ಒಂದು ಪಂದ್ಯ ಮಳೆಯಿಂದ ನಿಂತಿತ್ತು, ಅದನ್ನು ಮತ್ತೆ ಆಡಿಸಲೇ ಇಲ್ಲ. ಆಡದ ಆ ಒಂದು ಪಂದ್ಯದ ಬಲದಿಂದ ಡೆಟ್ರಾಯಿಟ್ ಲೀಗನ್ನು ಗೆದ್ದಿತು. ಕ್ಲೀವ್‌ಲ್ಯಾಂಡಿನ ಜನ ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ರಶಸ್ತಿಯನ್ನು ನಿರ್ಧರಿಸಬಲ್ಲ ಪಂದ್ಯ ಮಳೆಯಿಂದ ನಿಂತರೆ ಅದನ್ನು ಮತ್ತೆ ಆಡಿಸಲೇಬೇಕೆಂಬ ನಿಯಮ ಅದರ ಬಳಿಕ ಬಂತು. ದೂರಿಗೆ ಬೆಲೆ ಬರುವುದು ಹೀಗೆ. ಹೋದ ಪ್ರಶಸ್ತಿ ಮರಳಲಿಲ್ಲ, ಆದರೆ ಮುಂದಿನವರಿಗೆ ದಾರಿ ಸರಿಯಾಯಿತು.

ಮೂರನೆಯ ಪ್ರಶ್ನೆಯೇ ಹೆಚ್ಚು ಸೂಕ್ಷ್ಮವಾದದ್ದು. ಯಾರು ಆಡಿದ ಮೇಲೆ ನಾವು ಆಡುತ್ತೇವೆ? 1982ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಅಲ್ಜೀರಿಯಾ ಬಲಾಢ್ಯ ಪಶ್ಚಿಮ ಜರ್ಮನಿಯನ್ನೇ ಸೋಲಿಸಿತ್ತು. ಜೂನ್ 24ರಂದು ಚಿಲಿಯನ್ನೂ ಸೋಲಿಸಿ ತನ್ನ ಗುಂಪಿನ ಪಂದ್ಯಗಳನ್ನು ಮುಗಿಸಿತು. ಮರುದಿನ ಸ್ಪೇನಿನ ಗಿಹೋನ್ ನಗರದಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಎದುರಾದವು. ಜರ್ಮನಿ ಒಂದೆರಡು ಗೋಲುಗಳಿಂದ ಗೆದ್ದರೆ ಎರಡೂ ತಂಡ ಮುಂದೆ, ಅಲ್ಜೀರಿಯಾ ಮನೆಗೆ. ಇದು ಇಬ್ಬರಿಗೂ ಗೊತ್ತಿತ್ತು. ಹತ್ತನೆಯ ನಿಮಿಷಕ್ಕೆ ಜರ್ಮನಿ ಒಂದು ಗೋಲು ಹೊಡೆಯಿತು. ಆಮೇಲೆ ನಡೆದದ್ದನ್ನು ಆಟವೆನ್ನುವುದು ಕಷ್ಟ. ಚೆಂಡು ಅತ್ತಿಂದಿತ್ತ ಉರುಳಿತು, ಪ್ರೇಕ್ಷಕರು ಛೀಮಾರಿ ಹಾಕಿದರು. ನಿಯಮದ ಪ್ರಕಾರ ಯಾವ ತಪ್ಪನ್ನೂ ಹಿಡಿಯುವಂತಿರಲಿಲ್ಲ. ತಪ್ಪು ಇದ್ದದ್ದು ವೇಳಾಪಟ್ಟಿಯಲ್ಲಿ. 1986ರ ವಿಶ್ವಕಪ್‌ನಿಂದ ಪ್ರತಿ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ.

ನಮ್ಮ ಜೋಡುಕರೆ ಕಂಬಳ ನೋಡಿದವರಿಗೆ ಇದರ ತರ್ಕವನ್ನು ವಿವರಿಸಬೇಕಾಗಿಲ್ಲ. ಎರಡು ಜೋಡಿ ಕೋಣಗಳು ಒಂದೇ ಹೊತ್ತಿಗೆ ಅಕ್ಕಪಕ್ಕದ ಕರೆಗಳಲ್ಲಿ ಓಡುತ್ತವೆ. ಇನ್ನೊಬ್ಬರ ಓಟ ನೋಡಿಕೊಂಡು ತನ್ನ ಓಟವನ್ನು ಅಳೆದು ಓಡುವ ಅನುಕೂಲ ಯಾರಿಗೂ ಇಲ್ಲ.

ರಣಜಿಯಲ್ಲೂ ಒಂದು ಸುತ್ತಿನ ಪಂದ್ಯಗಳೆಲ್ಲ ಒಂದೇ ದಿನ ಆರಂಭವಾಗುತ್ತವೆ. ಐಪಿಎಲ್ ಮಾತ್ರ ಹಾಗಲ್ಲ, ಅಲ್ಲಿ ಸಾಮಾನ್ಯವಾಗಿ ಸಂಜೆಗೊಂದು ಪಂದ್ಯ. ಕಾರಣ ಗುಟ್ಟೇನಲ್ಲ. 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಎರಡು ಪಂದ್ಯ ಒಂದೇ ಹೊತ್ತಿಗೆ ನಡೆದರೆ ನೋಡುಗರು ಹಂಚಿಹೋಗುತ್ತಾರೆ. ಹಾಗಾಗಿ ಕೊನೆಗೆ ಆಡುವವರಿಗೆ ಎಲ್ಲ ಲೆಕ್ಕವೂ ಮುಂಚಿತವಾಗಿ ಗೊತ್ತಿರುತ್ತದೆ. 2024ರ ಮೇ 18ರ ರಾತ್ರಿ ನೆನಪಿರಬೇಕು. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿದ್ದ ಬೆಂಗಳೂರು ಸತತ ಐದು ಗೆದ್ದು ಚೆನ್ನೈಯನ್ನು ಎದುರಿಸಿತು. 218 ರನ್ ಹೊಡೆದ ಮೇಲೆ ಚೆನ್ನೈಯನ್ನು 200ರೊಳಗೆ ತಡೆದರೆ ಪ್ಲೇ ಆಫ್ ಎಂಬುದು ಆಟಗಾರರಿಗೂ ಗೊತ್ತು, ಟಿ.ವಿ. ಮುಂದೆ ಕೂತ ಮಕ್ಕಳಿಗೂ ಗೊತ್ತು. ಚೆನ್ನೈ 191ಕ್ಕೆ ನಿಂತಿತು. ಅಲ್ಲಿ ಇಬ್ಬರಿಗೂ ಒಂದೇ ಲೆಕ್ಕ ಗೊತ್ತಿದ್ದುದರಿಂದ ಯಾರಿಗೂ ಅನ್ಯಾಯವಾಗಲಿಲ್ಲ.

ಈಗ 2025ಕ್ಕೆ ಬರೋಣ. ಮೂರು ಪ್ರಶ್ನೆಗಳೂ ಆ ವರ್ಷ ಒಟ್ಟಿಗೆ ಎದ್ದು ನಿಂತವು. ಗಡಿಯ ಉದ್ವಿಗ್ನತೆಯಿಂದ ಮೇ 9ರಂದು ಟೂರ್ನಿ ನಿಂತಿತು, ಮೇ 17ಕ್ಕೆ ಮತ್ತೆ ಆರಂಭವಾಯಿತು. ಧರ್ಮಶಾಲೆಯಲ್ಲಿ ಅರ್ಧಕ್ಕೆ ನಿಂತಿದ್ದ ಪಂದ್ಯದಲ್ಲಿ ಪಂಜಾಬ್ 10.1 ಓವರುಗಳಲ್ಲಿ ಒಂದೇ ವಿಕೆಟ್ ಕಳೆದುಕೊಂಡು 122 ರನ್ ಮಾಡಿತ್ತು. ಅದನ್ನು ಜೈಪುರದಲ್ಲಿ ಮೊದಲಿನಿಂದ ಆಡಿಸಿದಾಗ ದಿಲ್ಲಿ ಗೆದ್ದಿತು. ಮೇ 17ರಂದು ಬೆಂಗಳೂರಿನಲ್ಲಿ ನಮ್ಮ ತಂಡಕ್ಕೂ ಕೋಲ್ಕತ್ತಕ್ಕೂ ಇದ್ದ ಪಂದ್ಯ ಟಾಸ್ ಕೂಡ ಕಾಣದೆ ಮಳೆಯಲ್ಲಿ ಮುಗಿಯಿತು, ಕೋಲ್ಕತ್ತದ ಆಸೆಯೂ ಅಲ್ಲಿಗೆ ಮುಗಿಯಿತು. ಅದಾದ ಮೂರೇ ದಿನಕ್ಕೆ ನಿಯಮ ಬದಲಾಯಿತು. ಮಳೆ ಬಂದರೆ ಕಾಯುವ ಹೆಚ್ಚುವರಿ ಸಮಯವನ್ನು 60 ನಿಮಿಷಗಳಿಂದ 120ಕ್ಕೆ ಏರಿಸಿದರು. ಇದೇ ನಿಯಮ ಮೇ 17ರಿಂದಲೇ ಇದ್ದಿದ್ದರೆ ಚಿಕ್ಕ ಪಂದ್ಯವನ್ನಾದರೂ ಆಡಬಹುದಿತ್ತಲ್ಲ ಎಂದು ಕೋಲ್ಕತ್ತದ ಆಡಳಿತ ಪತ್ರ ಬರೆದು ಆಕ್ಷೇಪಿಸಿತು.

ಆ ಆಕ್ಷೇಪ ನ್ಯಾಯವಾದದ್ದೇ. ಮಳೆಯ ಭಯ ಮೇ 17ಕ್ಕೂ ಇತ್ತು. ಸುರಿದ ಮಳೆಗೆ ಯಾರನ್ನೂ ದೂರಲಾಗದು, ಆದರೆ ನಿಯಮವನ್ನು ನಡುದಾರಿಯಲ್ಲಿ ಬದಲಿಸಿದ್ದು ಮನುಷ್ಯರ ಕೆಲಸ. ನಮ್ಮ ಕಡೆಯ ಚರ್ಚೆಗಳಲ್ಲಿ ಮಾತ್ರ ಈ ವಿಷಯ ಅಷ್ಟಾಗಿ ಕೇಳಿಬರಲಿಲ್ಲ. ಹೈದರಾಬಾದಿನ ವಿರುದ್ಧದ ನಮ್ಮ ತವರಿನ ಪಂದ್ಯವನ್ನು ಮಳೆಯ ಕಾರಣಕ್ಕೆ ಲಖನೌಗೆ ಸಾಗಿಸಿದಾಗ, ಅದರಲ್ಲಿ 42 ರನ್‌ಗಳಿಂದ ಸೋತಾಗ, ನಮಗೆ ಅನ್ಯಾಯ ಕಾಣಿಸಿತು. ಆದರೆ ಮೇ 9ಕ್ಕೆ ಇದ್ದ ಲಖನೌ ವಿರುದ್ಧದ ಪಂದ್ಯ ಮೇ 27ಕ್ಕೆ ಹೋಗಿ ಇಡೀ ಲೀಗಿನ ಕಟ್ಟಕಡೆಯ ಪಂದ್ಯವಾಯಿತಲ್ಲ, ಆಗ? ಗೆದ್ದರೆ ಮೊದಲ ಎರಡರೊಳಗೆ ಸ್ಥಾನ ಎಂಬುದು ಬೆಂಗಳೂರಿಗೆ ಮೈದಾನಕ್ಕಿಳಿಯುವ ಮೊದಲೇ ಗೊತ್ತಿತ್ತು. 228 ರನ್‌ಗಳ ಗುರಿಯನ್ನು ತಂಡ ಮುಟ್ಟಿತು, ಜಿತೇಶ್ ಶರ್ಮ 33 ಎಸೆತಗಳಲ್ಲಿ 85 ಹೊಡೆದರು. ಆ ಸ್ಥಾನದಿಂದಲೇ ನಡೆದು ಜೂನ್ 3ರಂದು 18 ವರ್ಷಗಳ ಕಾಯುವಿಕೆ ಮುಗಿಯಿತು. ಗೆಲುವು ಆಟಗಾರರದ್ದು, ಅದರಲ್ಲಿ ಕೊರತೆಯಿಲ್ಲ. ಆದರೆ ವೇಳಾಪಟ್ಟಿ ಕೊಟ್ಟ ಅನುಕೂಲವನ್ನು ನಾವು ಯಾರೂ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ.

ಹಾಗಾದರೆ ನ್ಯಾಯವಾದ ವೇಳಾಪಟ್ಟಿ ಯಾವುದು? ಎಲ್ಲರಿಗೂ ಎಲ್ಲವೂ ಸಮನಾಗಿರುವ ಪಟ್ಟಿ ಇಲ್ಲ, ಇರಲೂ ಸಾಧ್ಯವಿಲ್ಲ. ನಮ್ಮ ಸೀಮೆಯ ಹರಕೆ ಆಟಗಳನ್ನು ನೋಡಿ. ಮಂದಾರ್ತಿ ಮೇಳದ ಹರಕೆಯಾಟಕ್ಕೆ ಹೆಸರು ಬರೆಸಿದವರು ವರ್ಷಾನುಗಟ್ಟಲೆ ಕಾಯುತ್ತಾರೆ. ಕೆಲವರ ಆಟದ ದಿನ ಬೆಳದಿಂಗಳು, ಕೆಲವರ ಆಟದ ದಿನ ಅಕಾಲದ ಮಳೆ. ಆದರೂ ಜನ ಒಪ್ಪಿ ಕಾಯುವುದು ಸರದಿ ಎಂಬುದೊಂದು ಇದೆ ಎಂಬ ನಂಬಿಕೆಯಿಂದ. ಸರದಿ ತಪ್ಪಿಸಿ ಒಬ್ಬರನ್ನು ಮುಂದೆ ತಂದರೆ ಆ ನಂಬಿಕೆ ಉಳಿಯದು.

ಆಟದಲ್ಲೂ ಅಷ್ಟೇ. ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಗೊತ್ತಾಗುವ ಮೊದಲೇ ನಿಯಮ ಬರೆದಿರಬೇಕು. ಬರೆದದ್ದು ಎಲ್ಲರಿಗೂ ಕಾಣುವಂತಿರಬೇಕು. ನಡುವೆ ಬದಲಿಸುವುದು ಅನಿವಾರ್ಯವಾದರೆ ಕಾರಣ ಹೇಳಬೇಕು. ಸ್ಥಾನ ನಿರ್ಧರಿಸುವ ಕೊನೆಯ ಪಂದ್ಯಗಳನ್ನಾದರೂ ಒಂದೇ ಹೊತ್ತಿಗೆ ಆಡಿಸಬೇಕು, ಟಿ.ವಿ.ಯವರಿಗೆ ಒಂದು ಸಂಜೆಯ ನಷ್ಟವಾದರೂ ಸರಿ. ಇಷ್ಟನ್ನು ಕೇಳುವ ಹಕ್ಕು ಟಿಕೆಟ್ ಕೊಂಡವನಿಗೂ ಇದೆ, ಟಿ.ವಿ. ಮುಂದೆ ಕೂತವನಿಗೂ ಇದೆ.

ಆದರೆ ಕೇಳುವವನ ತಕ್ಕಡಿಯೂ ನೆಟ್ಟಗಿರಬೇಕು. ಮುಂದಿನ ಮೇ ತಿಂಗಳಲ್ಲಿ "ಅನ್ಯಾಯ" ಎಂಬ ಮಾತು ಬಾಯಿಗೆ ಬಂದಾಗ ಒಂದು ಪರೀಕ್ಷೆ ಮಾಡಿ. ಎರಡು ತಂಡಗಳ ಹೆಸರನ್ನು ಅದಲು ಬದಲು ಮಾಡಿ, ಅದೇ ಮಾತನ್ನು ಮತ್ತೆ ಹೇಳಿ ನೋಡಿ. ಆಗಲೂ ಅದು ಅನ್ಯಾಯವೆಂದೇ ತೋರಿದರೆ ಧೈರ್ಯವಾಗಿ ಗಟ್ಟಿ ಧ್ವನಿಯಲ್ಲಿ ಹೇಳಿ. ತೋರದಿದ್ದರೆ ಅದು ಅಭಿಮಾನ. ಅಭಿಮಾನವೂ ಒಳ್ಳೆಯದೇ, ಆದರೆ ಅದನ್ನು ಅಭಿಮಾನವೆಂದೇ ಕರೆಯೋಣ.