ಹಸು ಸತ್ತ ಮನೆಯ ದುಃಖ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಾನು ಬಂದಾಗಲೆಲ್ಲ ಕೆಚ್ಚಲು ಬಾವು, ಖನಿಜ ಮಿಶ್ರಣ, ಜಂತುನಾಶಕ, ಹಸಿರು ಮೇವು ಎಂದು ಮಾತನಾಡುತ್ತೇನೆ. ಇಂದು ಅವನ್ನು ಬಿಟ್ಟು, ಹಸು ಸತ್ತಾಗ ಮನೆಯವರಿಗೆ ಆಗುವ ದುಃಖದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

2022ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಮಗಂಟು ರೋಗ ಹರಡಿದ್ದು ನಿಮಗೆ ನೆನಪಿದೆ. ಆಗ ಒಂದು ಮನೆಗೆ ಹೋಗಿದ್ದೆ. ಎರಡನೇ ಸೂಲಿನ ಮಿಶ್ರತಳಿ ಹಸು ರಾತ್ರಿ ಪ್ರಾಣ ಬಿಟ್ಟಿತ್ತು. ಆ ವರ್ಷ ಸರ್ಕಾರ ಈ ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತ್ತು. ನಾನು ಕಾಗದಪತ್ರ ಬರೆದುಕೊಳ್ಳುತ್ತಲೇ, ಅಳುತ್ತಿದ್ದ ಆ ತಾಯಿಗೆ, "ಅಳಬೇಡಿ ಅಮ್ಮ, ಪರಿಹಾರ ಬರುತ್ತದೆ, ಇನ್ನೊಂದು ಹಸು ಕಟ್ಟಿದರಾಯಿತು" ಎಂದೆ. ಆಕೆ ಕಣ್ಣೊರೆಸಿಕೊಂಡು, "ದುಡ್ಡಿನ ಮಾತಲ್ಲ ಡಾಕ್ಟ್ರೇ. ನಾಳೆ ನಾಲ್ಕೂವರೆಗೆ ಎಚ್ಚರ ಆಗ್ತದಲ್ಲ, ಎದ್ದು ಏನು ಮಾಡ್ಲಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನಾನು ಆಡಿದ ಮಾತು ತಪ್ಪೆಂದು ಆಗ ಗೊತ್ತಾಯಿತು.

ಕರು ಸತ್ತ ಹಸುವನ್ನು ನೀವೆಲ್ಲ ನೋಡಿದ್ದೀರಿ. ಕೂಗುತ್ತದೆ, ಹುಡುಕುತ್ತದೆ, ಸೊರ ಬಿಡುವುದಿಲ್ಲ. ಆಗ ಹೊಡೆದರೆ, ಹೆದರಿಸಿದರೆ ಕೆಚ್ಚಲಲ್ಲಿರುವ ಹಾಲೂ ಇಳಿಯುವುದಿಲ್ಲ. ಮೈ ಸವರಿ, ಹಿಂಡಿ ಇಟ್ಟು, ಅದೇ ಹೊತ್ತಿಗೆ ಅದೇ ಕೈ ಕರೆಯುತ್ತಾ ಬಂದರೆ ದಿನ ಕಳೆದಂತೆ ಒಗ್ಗಿಕೊಳ್ಳುತ್ತದೆ. ದನಕ್ಕೆ ತೋರಿಸುವ ಈ ತಾಳ್ಮೆಯನ್ನು ನಾವು ಮನುಷ್ಯರಿಗೆ ತೋರಿಸುವುದಿಲ್ಲ. "ಒಂದು ದನಕ್ಕೆ ಇಷ್ಟು ಅಳುವುದೇ?" ಎಂದುಬಿಡುತ್ತೇವೆ.

ಮೊದಲನೆಯದಾಗಿ, ಈ ದುಃಖ ನಾಚಿಕೆಪಡುವಂಥದ್ದಲ್ಲ. ದಿನಕ್ಕೆ ಎರಡು ಹೊತ್ತು ಮುಟ್ಟಿದ ಜೀವ ಹೋಗಿದೆ. ಅಳು ಬಂದರೆ ಅತ್ತುಬಿಡಿ. ಗಂಡಸರಿಗೂ ಇದೇ ಮಾತು. ಕುಡಿದರೆ ಆ ರಾತ್ರಿ ಕಳೆಯಬಹುದು, ಆದರೆ ನಿದ್ರೆ ಕೆಡುತ್ತದೆ, ಸಂಕಟ ಹೆಚ್ಚುತ್ತದೆ.

ಎರಡನೆಯದಾಗಿ, ತಪ್ಪನ್ನೆಲ್ಲ ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಚರ್ಮಗಂಟು ರೋಗವನ್ನು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಹರಡುತ್ತವೆ. ಲಸಿಕೆ ಹಾಕಿಸುವುದು ಅಗತ್ಯ, ಆದರೂ ಲಸಿಕೆ ಹಾಕಿಸಿದ ಕೆಲವು ರಾಸುಗಳಿಗೂ ರೋಗ ಬಂದದ್ದುಂಟು. ಅಕ್ಕಪಕ್ಕದವರು "ಹಾಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು" ಎನ್ನುವ ಮಾತನ್ನು ಆ ದಿನ ನುಂಗಿಕೊಳ್ಳಲಿ.

ಮೂರನೆಯದಾಗಿ, ಮರುವಾರವೇ ಸಂತೆಗೆ ಓಡಬೇಡಿ. ದುಃಖದಲ್ಲಿ ಕೊಂಡ ಹಸುವಿನ ಹಲ್ಲು, ಕೆಚ್ಚಲು ಸರಿಯಾಗಿ ನೋಡಲು ಮನಸ್ಸಿರುವುದಿಲ್ಲ. ಕೊಟ್ಟಿಗೆ ತೊಳೆದು, ಸುಣ್ಣ ಬಳಿದು, ಮನಸ್ಸು ತಿಳಿಯಾದ ಮೇಲೆ ಹೋಗಿ. ವಿಮೆ ಇದ್ದರೆ ಮಾತ್ರ ತಡಮಾಡದೆ, ಹಸುವನ್ನು ಹೂಳುವ ಮೊದಲೇ ಸಂಘಕ್ಕೂ ವೈದ್ಯರಿಗೂ ತಿಳಿಸಿ. ಕಿವಿಯ ಓಲೆ ಜೋಪಾನ.

ಇನ್ನು ಆ ತಾಯಿಯ ಪ್ರಶ್ನೆ. ಉತ್ತರ ಕೊಟ್ಟವರು ಪಕ್ಕದ ಮನೆಯ ಹೆಣ್ಣುಮಗಳು. ಮೂರನೇ ದಿನ ನಸುಕಿನಲ್ಲಿ ಬಾಗಿಲು ತಟ್ಟಿ, "ಅಕ್ಕಾ, ನಮ್ಮ ಹಸು ಕರೆಯೋಕೆ ಒಂದಿಷ್ಟು ಕೈ ಹಾಕು ಬಾ" ಎಂದು ಕರೆದೊಯ್ದರಂತೆ. ಆಮೇಲೆ ದಿನವೂ ಇಬ್ಬರೂ ಕ್ಯಾನು ಹಿಡಿದು ಡೇರಿಗೆ ಬರುತ್ತಿದ್ದರು. ದುಃಖ ಹೋಗಲಿಲ್ಲ, ಆದರೆ ನಾಲ್ಕೂವರೆಗೆ ಏಳಲು ಒಂದು ಕಾರಣ ಸಿಕ್ಕಿತು. ನನ್ನ ಪದವಿಯ ಓದು ಕಲಿಸದಿದ್ದದ್ದನ್ನು ಆಕೆ ಕಲಿಸಿದರು.

ದುಃಖ ಬೇರೆ, ಕಾಯಿಲೆ ಬೇರೆ. ಸಾಮಾನ್ಯ ದುಃಖ ಅಲೆಯಂತೆ ಬಂದು ಹೋಗುತ್ತದೆ, ನಡುವೆ ಊಟ ರುಚಿಸುತ್ತದೆ, ಮೊಮ್ಮಗು ನಕ್ಕರೆ ನಗು ಬರುತ್ತದೆ. ಎರಡು ವಾರ ಕಳೆದರೂ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದು, ಊಟ ನಿದ್ರೆ ಬಿಟ್ಟು, ಯಾವುದೂ ಬೇಡವೆನಿಸಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. "ಬದುಕಿ ಏನು ಪ್ರಯೋಜನ" ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಎರಡು ವಾರ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕ್ರಿಮಿನಾಶಕವನ್ನು ಬೇರೆಡೆ ಸಾಗಿಸಿ, ಆ ದಿನವೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಹಸು ಮೇವು ಬಿಟ್ಟರೆ ಸಂಜೆಯೊಳಗೆ ನನ್ನನ್ನು ಕರೆಯುವ ನೀವು, ಮನೆಯವರು ಊಟ ಬಿಟ್ಟಾಗ ತಿಂಗಳುಗಟ್ಟಲೆ ಸುಮ್ಮನಿರಬಾರದು.

ಕೊನೆಯದಾಗಿ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಸದಸ್ಯರೊಬ್ಬರ ಹಾಲು ನಿಂತುಹೋದದ್ದು ಊರಿನಲ್ಲಿ ಮೊದಲು ತಿಳಿಯುವುದು ನಿಮ್ಮ ಪುಸ್ತಕಕ್ಕೆ. ಎರಡು ದಿನ ಒಬ್ಬರ ಹೆಸರಿನ ಮುಂದೆ ಲೀಟರು ಬರೆಯದಿದ್ದರೆ, ದಯವಿಟ್ಟು ಆ ಮನೆಯ ತನಕ ಒಮ್ಮೆ ನಡೆದು ಹೋಗಿ ಬನ್ನಿ. ಹೆಚ್ಚು ಮಾತನಾಡಬೇಕಿಲ್ಲ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತರೂ ಸಾಕು.